ಒತ್ತುವುದು ಸ್ನಾಯುವನ್ನು, ಕೇಳುವುದು ಮಿದುಳು

“ಇನ್ನೂ ಸ್ವಲ್ಪ ಜೋರಾಗಿ ಒತ್ತಿ, ಪರವಾಗಿಲ್ಲ, ತಡ್ಕೋತೀನಿ.”

ಮಸಾಜ್ ಮಾಡುವವರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತಿದು. ಬೆಂಗಳೂರಿನ ಉತ್ತರದ ಅಂಚಿನ ಚಿಕ್ಕಬಾಣಾವರದಂಥ ಊರಿನಲ್ಲಿ ಈ ಮಾತು ಆಡುವವರಿಗೆ ಕೊರತೆಯಿಲ್ಲ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಹೆಸರಘಟ್ಟ ರಸ್ತೆಯ ಕಾಲೇಜುಗಳು, ನಡುವೆ ತುಮಕೂರಿನ ರೈಲು ಹಳಿ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತು ಕತ್ತು ಹಿಡಿದುಕೊಂಡವರು, ಲೇತ್ ಮುಂದೆ ನಿಂತೂ ನಿಂತೂ ಸೊಂಟ ಸೋತವರು, ಟ್ರಾಫಿಕ್‌ನಲ್ಲಿ ಆಟೊ ಓಡಿಸಿ ಭುಜ ಮರಗಟ್ಟಿದವರು ಇಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಕೆಲವರು ಕಟಿಂಗ್ ಶಾಪ್‌ನಲ್ಲಿ ಕ್ಷೌರದ ಜೊತೆಗೇ ಹೆಡ್ ಮಸಾಜ್ ಮಾಡಿಸಿಕೊಳ್ಳುತ್ತಾರೆ. ಕೆಲವರು ಫಿಸಿಯೋಥೆರಪಿಗೆ ಹೋಗುತ್ತಾರೆ. ಕೈಯಲ್ಲಿ ಕಾಸಿದ್ದವರು ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯದಂಥ ಕಡೆ ಸೇರುತ್ತಾರೆ. ಇದ್ಯಾವುದೂ ಆಗದವರು ಮೊಮ್ಮಗನನ್ನು ಬೆನ್ನ ಮೇಲೆ ಹತ್ತಿಸಿಕೊಂಡು ತುಳಿಸಿಕೊಳ್ಳುತ್ತಾರೆ.

ಎಲ್ಲರ ಮನಸ್ಸಿನಲ್ಲೂ ಇರುವ ನಂಬಿಕೆ ಒಂದೇ. ಒಳಗೆಲ್ಲೋ ನರ ಹಿಡಿದುಕೊಂಡಿದೆ, ನರದ ಮೇಲೆ ನರ ಹತ್ತಿದೆ, ಮಾಂಸ ಗಂಟು ಕಟ್ಟಿದೆ. ಬಲವಾಗಿ ಒತ್ತಿ ಅದನ್ನು ಬಿಡಿಸಬೇಕು. ನೋವು ಹೆಚ್ಚು ಕೊಟ್ಟಷ್ಟೂ ಕೈ ಪಳಗಿದ ಕೈ ಎಂದು ಲೆಕ್ಕ.

ಕಳೆದ ಅರವತ್ತು ವರ್ಷಗಳ ನರವಿಜ್ಞಾನ ಬೇರೆಯದೇ ಚಿತ್ರ ಕೊಡುತ್ತದೆ. ಮಸಾಜ್‌ನಿಂದ ನೋವು ಇಳಿಯುವುದು ನಿಜ. ಆದರೆ ಅದು ಇಳಿಯುವುದು ಕೈಬೆರಳು ಗಂಟು ಬಿಡಿಸಿದ್ದರಿಂದಲ್ಲ. ಚರ್ಮ ಮತ್ತು ಸ್ನಾಯುಗಳಿಂದ ಬೆನ್ನುಹುರಿಗೂ ಮಿದುಳಿಗೂ ಹೋಗುವ ಸುದ್ದಿ ಬದಲಾಗಿದ್ದರಿಂದ, ಆ ಸುದ್ದಿಗೆ ಮಿದುಳು ಕೊಡುವ ಬೆಲೆ ಬದಲಾಗಿದ್ದರಿಂದ.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಡೇನಿಯಲ್ ಚೆರ್ಕಿನ್ ಮತ್ತು ಸಂಗಡಿಗರು ಬಹುಕಾಲದಿಂದ ಬೆನ್ನುನೋವಿದ್ದ 401 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನೋವಿನ ಮೂಲ ಹುಡುಕಿ ಸ್ನಾಯುವಿನ ಒಳಪದರಗಳನ್ನು ಗುರಿಯಾಗಿಸುವ ಮಸಾಜ್. ಇನ್ನೊಂದಕ್ಕೆ ಮೈಮನಸ್ಸು ಹಗುರಾಗಲೆಂದು ಮಾಡುವ ಸಾದಾ ಮಸಾಜ್. ಮೂರನೆಯದಕ್ಕೆ ಎಂದಿನ ವೈದ್ಯಕೀಯ ಆರೈಕೆ ಮಾತ್ರ. ಹತ್ತು ವಾರ ಕಳೆದಾಗ ಮಸಾಜ್ ಪಡೆದ ಎರಡೂ ಗುಂಪಿನವರು ಮೂರನೆಯ ಗುಂಪಿಗಿಂತ ಚೆನ್ನಾಗಿದ್ದರು. ಆ ಎರಡು ಬಗೆಯ ಮಸಾಜ್‌ಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಬಿಗಿದ ಸ್ನಾಯು, ಜರುಗಿದ ಎಲುಬು ಸರಿಪಡಿಸುವುದೇ ಮಸಾಜ್‌ನ ಕೆಲಸವಾಗಿದ್ದರೆ ಮೊದಲ ಗುಂಪು ಬಹಳ ಮುಂದೆ ಹೋಗಬೇಕಿತ್ತು.

ಅದಕ್ಕೂ ಮುಂಚೆ, 2008ರಲ್ಲಿ, ಇನ್ನೊಂದು ತಂಡ ಲೆಕ್ಕ ಹಾಕಿ ನೋಡಿತ್ತು. ತೊಡೆಯ ಹೊರಬದಿ ಮತ್ತು ಅಂಗಾಲಿನ ಗಟ್ಟಿ ಪೊರೆಯನ್ನು ಶೇ 1ರಷ್ಟು ಕುಗ್ಗಿಸಲೂ ಮನುಷ್ಯನ ಕೈಬಲ ಸಾಲದು ಎಂಬುದು ಆ ಲೆಕ್ಕದ ಫಲ. ಮಸಾಜ್ ಮುಗಿಸಿ ಏಳುವಾಗ ಮೈ ಸಡಿಲವಾದಂತೆ ಅನ್ನಿಸುವುದು ಸುಳ್ಳಲ್ಲ. ಸಡಿಲಿಸು ಎಂಬ ಆಜ್ಞೆ ಕೊಟ್ಟದ್ದು ನರಮಂಡಲ.

ಆ ಆಜ್ಞೆ ಹುಟ್ಟುವ ದಾರಿ ಚರ್ಮದಿಂದ ಶುರುವಾಗುತ್ತದೆ. ಕತ್ತಲೆಯಲ್ಲಿ ಹೊಸ್ತಿಲು ಎಡವಿದಾಗ ಏನಾಗುತ್ತದೆಂದು ನೆನಪಿಸಿಕೊಳ್ಳಿ. ಮೊದಲು ತಾಕಿದ ಅರಿವು, ಬೆನ್ನಿಗೇ ಚುರುಕ್ಕೆನ್ನುವ ನೋವು, ಒಂದು ಕ್ಷಣ ಬಿಟ್ಟು ಮೆಲ್ಲಗೆ ಏರಿಬರುವ ಉರಿ. ಈ ಮೂರನ್ನೂ ಹೊತ್ತು ತರುವುದು ಮೂರು ಬೇರೆ ಬೇರೆ ನರತಂತುಗಳು. ತಾಕಿದ್ದನ್ನು ಹೇಳುವ ದಪ್ಪನೆಯ ಎ-ಬೀಟಾ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಚುರುಕು ನೋವಿನ ಎ-ಡೆಲ್ಟಾ ತಂತುಗಳಲ್ಲಿ 5ರಿಂದ 30 ಮೀಟರ್. ಉರಿಯನ್ನು ತರುವ ಸಣ್ಣ ಸಿ ತಂತುಗಳಲ್ಲಿ ಒಂದು ಮೀಟರಿನ ಆಸುಪಾಸು, ಅಂದರೆ ನಾವು ನಡೆಯುವಷ್ಟು ವೇಗ.

ಎಡವಿದ ಕೂಡಲೇ ಕೈ ತಾನಾಗಿ ಹೋಗಿ ಹೆಬ್ಬೆರಳನ್ನು ಅಮುಕಿ ಉಜ್ಜುತ್ತದಲ್ಲ? ಉಜ್ಜಿದರೆ ಯಾಕೆ ನೋವು ಇಳಿಯಬೇಕು? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ಉತ್ತರ ಕೊಟ್ಟರು. ನೋವಿನ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟ್ ದಾಟಬೇಕು. ಸ್ಪರ್ಶದ ದಪ್ಪ ತಂತುಗಳು ಜೋರಾಗಿ ಮಾತಾಡುತ್ತಿದ್ದರೆ ಆ ಗೇಟ್ ಮುಚ್ಚಿಕೊಳ್ಳುತ್ತದೆ, ಮೇಲಿನಿಂದ ಮಿದುಳು ಕೂಡ ಅದನ್ನು ಮುಚ್ಚಬಲ್ಲದು, ತೆರೆಯಬಲ್ಲದು ಎಂಬುದು ಅವರ ಗೇಟ್ ಕಂಟ್ರೋಲ್ ಸಿದ್ಧಾಂತ. ಅವರು ಬರೆದ ವಿವರಗಳಲ್ಲಿ ಹಲವು ಮುಂದೆ ತಿದ್ದುಪಡಿಯಾದವು. ತಿರುಳು ಮಾತ್ರ ಉಳಿದಿದೆ. ಫಿಸಿಯೋಥೆರಪಿಯಲ್ಲಿ ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರ ಹುಟ್ಟಿದ್ದು ಈ ವಿಚಾರದಿಂದಲೇ.

ನೋವಿಗೆ ಹಚ್ಚುವ ಬಾಮ್ ಕೂಡ ಇದೇ ಕತೆಯ ಇನ್ನೊಂದು ಎಳೆ. ಬ್ಯಾಡಗಿ ಮೆಣಸಿನಕಾಯಿಗೂ ಗುಂಟೂರು ಮೆಣಸಿನಕಾಯಿಗೂ ಖಾರದಲ್ಲಿ ಅಜಗಜಾಂತರ ತರುವ ಪದಾರ್ಥ ಕ್ಯಾಪ್ಸೈಸಿನ್. ಅದು ನಮ್ಮ ನರತುದಿಯ ಯಾವ ಬಾಗಿಲನ್ನು ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಕಂಡುಹಿಡಿಯಿತು. ಸುಡುವ ಬಿಸಿಯನ್ನು ತಿಳಿಸುವ ಬಾಗಿಲೂ ಅದೇ. ಹಾಗಾಗಿಯೇ ಮೆಣಸಿನ ಖಾರ ನಮಗೆ ಉರಿಯಾಗಿ ತಿಳಿಯುತ್ತದೆ. ಬಾಮ್‌ನಲ್ಲಿರುವ ಮೆಂಥಾಲ್ ತಟ್ಟುವುದು ತಂಪಿನ ಬಾಗಿಲನ್ನು. ಚರ್ಮ ತಣ್ಣಗಾಗಿರುವುದಿಲ್ಲ, ತಣ್ಣಗಾಗಿದೆ ಎಂಬ ಸುದ್ದಿ ಮಾತ್ರ ಹೋಗುತ್ತದೆ. ಒತ್ತಡವನ್ನು ಗುರುತಿಸುವ ಪಿಯೆಜೊ ಎಂಬ ಪ್ರೋಟೀನುಗಳನ್ನು ಆರ್ಡೆಮ್ ಪಟಾಪೂಟಿಯನ್ ತಂಡ 2010ರಲ್ಲಿ ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್ ಈ ಇಬ್ಬರಿಗೆ ಹೋಯಿತು. ಹುಟ್ಟಿನಿಂದಲೇ ಪಿಯೆಜೊ-2 ಇಲ್ಲದ ಕೆಲವರಿದ್ದಾರೆ. ಕಣ್ಣು ಮುಚ್ಚಿದರೆ ತಮ್ಮ ಕೈಕಾಲು ಎಲ್ಲಿದೆ ಎಂಬುದೇ ಅವರಿಗೆ ತಿಳಿಯದು.

ಇಷ್ಟೆಲ್ಲ ಎಲ್ಲಿ ತಾಕಿತು, ಎಷ್ಟು ಜೋರಾಗಿ ತಾಕಿತು ಎಂಬುದರ ಮಾತಾಯಿತು. ತಾಕಿದ್ದು ಹಿತವಾಗಿತ್ತೇ ಎಂದು ಹೇಳಲು ಮೈಯಲ್ಲಿ ಬೇರೆ ವ್ಯವಸ್ಥೆಯೇ ಇದೆ ಎಂಬುದು ಮಸಾಜ್‌ನ ಮಟ್ಟಿಗೆ ಅತ್ಯಂತ ಮುಖ್ಯವಾದ ಶೋಧ. ನಿಧಾನಗತಿಯ ಸಿ ತಂತುಗಳು ನೋವು, ತುರಿಕೆ, ಬಿಸಿ ತಣುಪಿಗಷ್ಟೇ ಮೀಸಲು ಎಂದು ಬಹುಕಾಲ ಎಣಿಸಲಾಗಿತ್ತು. ಸ್ವೀಡನ್ನಿನ ವಿಜ್ಞಾನಿಗಳು ಎಚ್ಚರವಿರುವ ಮನುಷ್ಯರ ನರದೊಳಗೆ ತೀರಾ ತೆಳುವಾದ ಸೂಜಿ ಇಟ್ಟು ಒಂದೊಂದೇ ತಂತುವಿನ ಸಂಕೇತ ಆಲಿಸುವ ವಿಧಾನ ರೂಪಿಸಿದ್ದರು. ಅದರಿಂದ ಗೊತ್ತಾದದ್ದು: ರೋಮವಿರುವ ಚರ್ಮದಲ್ಲಿ ಮೃದುವಾದ ನೇವರಿಕೆಗೇ ಓಗೊಡುವ ಸಿ-ಟ್ಯಾಕ್ಟೈಲ್ ತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಕೈಯಾಡಿಸಿದರೆ ಅವು ಚೆನ್ನಾಗಿ ಮಿಡಿಯುತ್ತವೆ. ಅದಕ್ಕಿಂತ ಬೇಗ ಉಜ್ಜಿದರೂ ನಿಧಾನಿಸಿದರೂ ಮಂಕಾಗುತ್ತವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಾವ ವೇಗಕ್ಕೆ ತಂತು ಹೆಚ್ಚು ಮಿಡಿಯಿತೋ ಅದೇ ವೇಗವನ್ನು ಜನ ಹೆಚ್ಚು ಹಿತ ಎಂದರು. ನೇವರಿಸುವ ವಸ್ತು ಚರ್ಮದಷ್ಟೇ, ಅಂದರೆ ಸುಮಾರು 32 ಡಿಗ್ರಿ, ಬೆಚ್ಚಗಿರಬೇಕು ಎಂಬುದು 2014ರಲ್ಲಿ ತಿಳಿಯಿತು. ಮಸಾಜ್‌ಗೆ ಮುಂಚೆ ಅಂಗೈ ಉಜ್ಜಿಕೊಂಡು ಎಣ್ಣೆ ಬೆಚ್ಚಗೆ ಮಾಡಿಕೊಳ್ಳುವ ಪದ್ಧತಿಯಲ್ಲಿ ಅರ್ಥವಿದೆ.

ಈ ತಂತುಗಳ ಸುದ್ದಿ ತಲುಪುವುದು ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ. ಭಾವನೆಗಳಿಗೂ ಮೈಯ ಒಳಸ್ಥಿತಿಯ ಅರಿವಿಗೂ ಸಂಬಂಧಪಟ್ಟ ಜಾಗ ಅದು. ಕಾಯಿಲೆಯಿಂದ ಸ್ಪರ್ಶದ ದಪ್ಪ ತಂತುಗಳನ್ನೆಲ್ಲ ಕಳೆದುಕೊಂಡಿದ್ದ ಒಬ್ಬ ಮಹಿಳೆಯ ಮುಂಗೈ ಮೇಲೆ ಮೆತ್ತನೆಯ ಬ್ರಷ್ ಆಡಿಸಿದಾಗ ಏನೋ ಹಿತವಾದದ್ದು ಮಸುಕಾಗಿ ಅನ್ನಿಸಿತು. ಸ್ಕ್ಯಾನ್‌ನಲ್ಲಿ ಇನ್ಸುಲಾ ಬೆಳಗಿತ್ತು. 2002ರ ಈ ವರದಿ ನರವಿಜ್ಞಾನದಲ್ಲಿ ಪ್ರಸಿದ್ಧ.

ಬಾಣಂತನದ ಮನೆಯಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ ಎರೆಯುವ ಅಜ್ಜಿಯ ಕೈ ಸಹಜವಾಗಿ ಹಿಡಿಯುವ ಲಯವೂ ಇದೇ ಇದ್ದೀತು. ತಂದೆ ತಾಯಿಗೆ ಏನೂ ಹೇಳದೆ ಮಗುವನ್ನು ನೇವರಿಸಲು ಬಿಟ್ಟರೆ ಅವರ ಕೈ ಈ ತಂತುಗಳಿಗೆ ಒಪ್ಪುವ ವೇಗವನ್ನೇ ಆರಿಸಿಕೊಳ್ಳುತ್ತದೆ ಎಂದು ಸಂಶೋಧಕರು ಅಳೆದು ನೋಡಿದ್ದಾರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಮೈ ನೇವರಿಸಿ, ಕೈಕಾಲು ಆಡಿಸಿದ ಟಿಫನಿ ಫೀಲ್ಡ್ ಅವರ 1986ರ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಹದಿನೈದು ನಿಮಿಷದಂತೆ ಹತ್ತು ದಿನ ಆರೈಕೆ ಪಡೆದ ಶಿಶುಗಳ ತೂಕ ಉಳಿದವಕ್ಕಿಂತ ಶೇ 47ರಷ್ಟು ಹೆಚ್ಚು ವೇಗವಾಗಿ ಏರಿತು. ಹಾಗೆಂದು ಎರೆಯುವ ಮನೆಯ ಎಲ್ಲ ರೂಢಿಯೂ ಸರಿಯಲ್ಲ. ಮೂಗು ಎಳೆದು, ತಲೆ ಒತ್ತಿ ರೂಪ ಕೊಡುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ನ್ಯುಮೋನಿಯಾ ತರಬಲ್ಲದು.

ಸ್ಪರ್ಶ ಹೀಗಾದರೆ ನೋವಿನ ಕತೆ ಇನ್ನೂ ಆಳವಾದದ್ದು. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಪ್ರಸಂಗ ಪ್ರಕಟಿಸಿತು. 29 ವರ್ಷದ ಕಟ್ಟಡ ಕಾರ್ಮಿಕನೊಬ್ಬ ಕೆಳಕ್ಕೆ ಹಾರಿದಾಗ 15 ಸೆಂಟಿಮೀಟರಿನ ಮೊಳೆ ಬೂಟಿನೊಳಗೆ ತೂರಿ ಮೇಲಕ್ಕೆ ಬಂದಿತ್ತು. ಮೊಳೆ ಚೂರು ಅಲುಗಿದರೂ ಚೀರುತ್ತಿದ್ದ ಅವನಿಗೆ ಬಲವಾದ ನೋವಿನ ಮದ್ದು ಕೊಟ್ಟು ಬೂಟು ಬಿಚ್ಚಿದರೆ, ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು. ಕಾಲಿಗೆ ಗೀರೂ ಆಗಿರಲಿಲ್ಲ. ಅವನ ನೋವು ನಟನೆಯಲ್ಲ; ಕಣ್ಣು ಕಂಡದ್ದನ್ನು ಮಿದುಳು ನಂಬಿತ್ತು. ಇದಕ್ಕೆ ಎದುರಾದ ಸಂಗತಿಯೂ ಇದೆ. ಎರಡನೇ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಮುಕ್ಕಾಲು ಪಾಲು ಜನ ನೋವಿನ ಮದ್ದೇ ಬೇಡ ಎಂದದ್ದನ್ನು ವೈದ್ಯ ಹೆನ್ರಿ ಬೀಚರ್ 1946ರಲ್ಲಿ ದಾಖಲಿಸಿದರು. ಪೀಣ್ಯದಂಥ ಕಡೆ ಪವರ್ ಪ್ರೆಸ್‌ಗೆ ಸಿಕ್ಕಿ ಬೆರಳು ಕಳೆದುಕೊಂಡವರಲ್ಲಿ ಕೆಲವರಿಗೆ ಇಲ್ಲದ ಬೆರಳೇ ನೋಯುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿ ಪೆಟ್ಟಿಗೆಯೊಂದನ್ನು ಮಾಡಿ, ಉಳಿದ ಕೈಯ ಬಿಂಬ ತೋರಿಸಿಯೇ ಅಂಥ ನೋವನ್ನು ಕೆಲವರಲ್ಲಿ ಇಳಿಸಿದರು.

ನೋವು ಎಂದರೆ ಗಾಯದ ಅಳತೆಯಲ್ಲ. ಮೈಗೆ ಅಪಾಯವಿದೆ ಎಂದು ಮಿದುಳು ಕೊಡುವ ತೀರ್ಪು ಅದು.

ಹೆಸರಘಟ್ಟ ರಸ್ತೆಯಲ್ಲಿ ಎಂಆರ್‌ಐ ವರದಿ ಹಿಡಿದು “ಡಿಸ್ಕ್ ಜರುಗಿದೆ” ಎಂದು ಕಂಗಾಲಾದವರಿಗೆ ಈ ಮಾತು ಬಹಳ ಬೇಕು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ, ಇಪ್ಪತ್ತು ವರ್ಷದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆದಿತ್ತು. ಎಂಬತ್ತರ ವಯಸ್ಸಿನಲ್ಲಿ ಶೇ 96 ಮಂದಿಗೆ. ಅವರಿಗೆ ನೋವಿರಲಿಲ್ಲ ಎಂಬುದನ್ನು ಮರೆಯಬಾರದು. ನಿಮ್ಮ ಬೆನ್ನು ಮುರಿಯುವ ಹಂತದಲ್ಲಿದೆ ಎಂದು ಹೆದರಿಸಿ ಮಸಾಜ್ ಶುರು ಮಾಡುವ ಕೈ, ಎಷ್ಟೇ ಪಳಗಿದ್ದರೂ, ಅರ್ಧ ಕೆಲಸ ಕೆಡಿಸಿದಂತೆಯೇ. ಭಯ ಸ್ವತಃ ನೋವು ಹೆಚ್ಚಿಸುತ್ತದೆ.

ಬಹುಕಾಲ ನೋವು ಉಂಡ ನರಮಂಡಲ ತಾನೇ ಬದಲಾಗಿಬಿಡುತ್ತದೆ. ಬ್ರಿಟನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇದನ್ನು ಬೆನ್ನುಹುರಿಯಲ್ಲಿ ತೋರಿಸಿಕೊಟ್ಟರು. ಒಮ್ಮೆ ಕಳ್ಳತನವಾದ ಮನೆಯವರು ಎಲೆ ಅಲುಗಿದರೂ ಎದ್ದು ಕೂರುವಂತೆ, ಅಲ್ಲಿನ ನರಕೋಶಗಳು ಸಣ್ಣ ತಾಕುವಿಕೆಗೂ ಕೂಗೆಬ್ಬಿಸುತ್ತವೆ. ಅಂಥ ಮೈಗೆ ಮೊಣಕೈ ಊರಿ ಒತ್ತುವುದು ಚಿಕಿತ್ಸೆಯಲ್ಲ, ಇನ್ನೊಂದು ಪೆಟ್ಟು.

ಹಾಗಾದರೆ ಜೋರಾಗಿ ಒತ್ತಿಸಿಕೊಂಡವರಿಗೆ ಹಾಯೆನಿಸುವುದು ಸುಳ್ಳೇ? ಅಲ್ಲ. ಒಂದು ಕಡೆಯ ನೋವು ಇನ್ನೊಂದು ಕಡೆಯ ನೋವನ್ನು ತಗ್ಗಿಸಬಲ್ಲದು ಎಂಬುದನ್ನು ಫ್ರಾನ್ಸಿನ ಡೇನಿಯಲ್ ಲೆ ಬಾರ್ ಮತ್ತು ಸಂಗಡಿಗರು 1979ರಲ್ಲಿ ಪ್ರಾಣಿಗಳಲ್ಲಿ ಕಂಡುಕೊಂಡರು. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿಯುವ ಈ ತಡೆಯಲ್ಲಿ ಮೈಯೇ ತಯಾರಿಸುವ ಅಫೀಮಿನಂಥ ಪದಾರ್ಥಗಳಿಗೂ ಪಾತ್ರವಿದೆ. ಆರೋಗ್ಯವಂತರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಸ್ವಲ್ಪ ಹೊತ್ತು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾದಂಥ ತೊಂದರೆ ಇರುವವರಲ್ಲಿ ಈ ತಡೆಯೇ ದುರ್ಬಲ. ಗರಡಿಯ ಪೈಲ್ವಾನನಿಗೆ ಹಿಡಿಸುವ ಮಾಲೀಶು ವರ್ಷಗಟ್ಟಲೆ ನೋವುಂಡ ಹೆಣ್ಣುಮಗಳಿಗೆ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ. ಮೈಸೂರಿನ ಜಟ್ಟಿ ಮನೆತನಗಳು ಕುಸ್ತಿಯ ಜೊತೆಗೆ ಮೂಳೆ ಕಟ್ಟುವುದಕ್ಕೂ ಹೆಸರಾಗಿದ್ದವು. ಅಲ್ಲಿ ಬೆಳೆದ ಮಾಲೀಶು ಗಟ್ಟಿಮೈಯ ಗಂಡಸರಿಗಾಗಿ ಬೆಳೆದದ್ದು.

ಮುಟ್ಟುವವರು ಯಾರು ಎಂಬುದನ್ನೂ ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವಿದ್ಯುತ್ ಶಾಕ್ ಕೊಡುತ್ತೇವೆ ಎಂದು ಹೇಳಿ 16 ವಿವಾಹಿತ ಮಹಿಳೆಯರ ಮಿದುಳನ್ನು ಸ್ಕ್ಯಾನ್ ಮಾಡಿದ 2006ರ ಪ್ರಯೋಗದಲ್ಲಿ, ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಭಯದ ಚಟುವಟಿಕೆ ಇಳಿಯಿತು. ಅಪರಿಚಿತರ ಕೈ ಹಿಡಿದಾಗ ಅಷ್ಟು ಇಳಿಯಲಿಲ್ಲ. 2012ರ ಇನ್ನೊಂದು ಪ್ರಯೋಗದಲ್ಲಿ ಗಂಡಸರ ಕಾಲನ್ನು ಪ್ರತಿಸಲವೂ ನೇವರಿಸಿದ್ದು ಒಬ್ಬ ಹೆಂಗಸು. ನೇವರಿಸುತ್ತಿರುವುದು ಗಂಡಸು ಎಂದು ನಂಬಿಸಿದಾಗ, ಸ್ಪರ್ಶವನ್ನು ಬರಿದೇ ಅಳೆಯುತ್ತದೆ ಎಂದುಕೊಂಡಿದ್ದ ಮಿದುಳಿನ ಭಾಗವೇ ಬೇರೆ ರೀತಿ ಸ್ಪಂದಿಸಿತು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹೆಣ್ಣುಮಗಳು ಪರದೆ ಸರಿಯಾಗಿಲ್ಲದ ಕೋಣೆಯಲ್ಲಿ, ಏನು ಮಾಡುತ್ತಾರೋ ಎಂಬ ಅಳುಕಿನಲ್ಲಿ ಮಲಗಿದರೆ ಅವಳ ಸ್ನಾಯು ಸಡಿಲವಾಗುವುದು ಹೇಗೆ? ಮುಟ್ಟುವ ಮುಂಚೆ ಹೇಳುವುದು, ಒಪ್ಪಿಗೆ ಕೇಳುವುದು, ಬೇಕಾದರೆ ಮಹಿಳಾ ಸಿಬ್ಬಂದಿಯನ್ನೇ ಕೊಡುವುದು ಮರ್ಯಾದೆಯ ವಿಷಯ ಮಾತ್ರವಲ್ಲ, ಚಿಕಿತ್ಸೆಯ ಭಾಗ. ಸೋಲದೇವನಹಳ್ಳಿಯ ಆಚಾರ್ಯ ಫಿಸಿಯೋಥೆರಪಿ ಕಾಲೇಜೂ ಸೇರಿದಂತೆ ಈ ಭಾಗದಲ್ಲಿ ಕಲಿತು ಹೊರಬರುವ ಯುವಕ ಯುವತಿಯರ ಕೈಗೆ ನಾಳೆ ಸಾವಿರಾರು ಬೆನ್ನುಗಳು ಸಿಗಲಿವೆ. ಸ್ನಾಯುಗಳ ಹೆಸರಿನಷ್ಟೇ ಶ್ರದ್ಧೆಯಿಂದ ಹೀಗೆ ಕೇಳಿ ಮುಟ್ಟುವುದನ್ನೂ ಅವರು ಕಲಿಯಬೇಕು.

ಮಸಾಜ್‌ನ ಹೆಸರಿನಲ್ಲಿ ಹೇಳುವ ಕೆಲವು ಮಾತುಗಳನ್ನು ಮಾತ್ರ ಬಿಟ್ಟುಬಿಡುವುದೇ ಒಳ್ಳೆಯದು. ಮೈಯ ವಿಷವನ್ನು ಅದು ಹೊರಹಾಕುವುದಿಲ್ಲ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ದುಡಿದ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲವನ್ನು ತೊಳೆಯುವುದೂ ಇಲ್ಲ. 11 ಯುವಕರ ತೊಡೆಯ ಸ್ನಾಯುವಿನ ತುಣುಕು ತೆಗೆದು ನೋಡಿದ 2012ರ ಅಧ್ಯಯನದಲ್ಲಿ ಉರಿಯೂತದ ಕೆಲವು ಸಂಕೇತಗಳು ತಗ್ಗಿದ್ದವು, ಲ್ಯಾಕ್ಟಿಕ್ ಆಮ್ಲ ಇದ್ದ ಹಾಗೇ ಇತ್ತು. ಬೆನ್ನುನೋವಿನ 25 ಪ್ರಯೋಗಗಳನ್ನು ಪರಿಶೀಲಿಸಿದ 2015ರ ಕಾಕ್ರೇನ್ ವರದಿ, ಮಸಾಜ್‌ನಿಂದ ಕೆಲಕಾಲ ನೋವು ತಗ್ಗಬಹುದು, ಆದರೆ ಪುರಾವೆಗಳು ದುರ್ಬಲ ಎಂದಿತು. ಈ ಬರಹದ ತೀರ್ಪೂ ಅದಕ್ಕಿಂತ ದೂರವಿಲ್ಲ. ಮಸಾಜ್ ನೋವಿಗೊಂದು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ನಡೆದಾಡಿ, ವ್ಯಾಯಾಮ ಮಾಡಿ, ಚೆನ್ನಾಗಿ ನಿದ್ದೆ ಮಾಡಿದರೆ ಲಾಭ ಉಳಿಯುತ್ತದೆ. ಗಾರ್ಮೆಂಟ್ಸ್‌ನ ಕುರ್ಚಿ, ಬಿಡುವಿನ ವೇಳೆ ಸರಿಹೋಗದೆ ಹೆಣ್ಣುಮಕ್ಕಳ ಕತ್ತುನೋವು ಪೂರ್ತಿ ಹೋಗುವುದಿಲ್ಲ ಎಂಬುದನ್ನು ಕಾರ್ಖಾನೆಯವರೂ ತಿಳಿಯಬೇಕು.

ಕೊನೆಗೆ ಎಚ್ಚರಿಕೆಯ ಮಾತು. ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡುತ್ತಾ ಕತ್ತನ್ನು ಫಟ್ಟನೆ ತಿರುವಿದ್ದರಿಂದ ರಾಜ್ಯದ ಯುವ ಕಾರ್ಮಿಕನೊಬ್ಬನ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದದ್ದು 2024ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಂಥ ಪ್ರಸಂಗ ವಿರಳ, ಆದರೆ ತಪ್ಪಿಸಬಹುದಾದದ್ದು. ತಲೆ ತಿಕ್ಕಿಸಿಕೊಳ್ಳಿ, ಕತ್ತು ತಿರುವಲು ಬಂದರೆ ಬೇಡ ಎನ್ನಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒತ್ತಿಸಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಲ್ಲದು. ಬಿದ್ದು ಪೆಟ್ಟಾದ ಮೇಲೆ, ಜ್ವರವಿದ್ದಾಗ, ಮೂಳೆ ಸವೆದ ವಯಸ್ಸಿನಲ್ಲಿ ಮೊದಲು ವೈದ್ಯರನ್ನು ಕೇಳಿ. ಮಸಾಜ್ ನಡೆಯುವಾಗ ಉಸಿರು ಕಟ್ಟಿಕೊಳ್ಳುತ್ತಿದ್ದರೆ, ಮುಷ್ಟಿ ಬಿಗಿಯಾಗುತ್ತಿದ್ದರೆ ತಡೆದುಕೊಳ್ಳಬೇಡಿ, ಮೆಲ್ಲಗೆ ಒತ್ತಿ ಎಂದು ಬಾಯಿಬಿಟ್ಟು ಹೇಳಿ. ಬೆನ್ನುನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ಮಸಾಜ್‌ನ ಯೋಚನೆಯನ್ನೇ ಬಿಟ್ಟು ಅದೇ ದಿನ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.